ಬಿಡುಗಡೆ ಹಾಳೆ

ಜೂನ್ 3, ಸೋಮವಾರ

ಎಂಟೂವರೆಗೆ ಬೀಗ ತೆಗೆದೆ. ಕಿಟಕಿ, ಫ್ಯಾನು, ಕಂಪ್ಯೂಟರು — ಇದೇ ಕ್ರಮ. ಕಂಪ್ಯೂಟರ್ ಏಳುವಷ್ಟರಲ್ಲಿ ಟೇಬಲ್ ಒರೆಸಿ ಮುಗಿದಿರುತ್ತದೆ. ಹನ್ನೊಂದು ವರ್ಷದಿಂದ ಅದು ನನಗಿಂತ ಒಂದು ನಿಮಿಷ ತಡ.

ವಿದ್ಯಾರ್ಥಿ ಕೈಪಿಡಿಯ ಕೆಲಸ ಶುರು. ಹೋದ ವರ್ಷದ ಫೈಲನ್ನೇ ಹೊಸ ಹೆಸರಿನಲ್ಲಿ ಉಳಿಸಿಕೊಂಡು ಇಸವಿ ಬದಲಾಯಿಸಿದೆ. ಅರವತ್ತೆರಡು ಕಡೆ. ಹಾಜರಾತಿ, ಹಾಸ್ಟೆಲಿನ ಶಿಸ್ತು, ದೂರು ಕೊಡುವ ವಿಧಾನ, ರಜೆ. ಕೊನೆಗೊಂದು ಪುಟ: 'ಸೇರುವವರಿಗೆ ಮಾಹಿತಿ.' ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು. ಅದರ ಕೆಳಗೆ ನನ್ನ ಸಹಿ. ದಾಖಲಾತಿ ಅಧಿಕಾರಿಯ ಸಹಿ ಇಲ್ಲದಿದ್ದರೆ ಆ ಪುಟ ಊರ್ಜಿತವಲ್ಲ — ಮಾನ್ಯತೆ ಕೊಡುವವರ ಕಟ್ಟಳೆ. ಜುಲೈ ಒಂದರೊಳಗೆ ಪ್ರಾರ್ಥನಾ ಮಂದಿರದ ಬಾಗಿಲ ಪಕ್ಕದ ಗಾಜಿನ ಬೋರ್ಡಿಗೆ ಹಾಕಬೇಕು. ವೆಬ್‌ಸೈಟಿಗೂ.

ದೇವಶಾಸ್ತ್ರ ಕಲಿಸುವ ಶಾಲೆಗೂ ಇದು ತಪ್ಪಿದ್ದಲ್ಲ. ಸೋಪಿನ ಪೊಟ್ಟಣದ ಮೇಲೆ ತೂಕ ಬರೆದ ಹಾಗೆ. ಹೀಬ್ರೂ ಮೇಷ್ಟ್ರು ಪ್ರತಿವರ್ಷ ಈ ಪುಟ ನೋಡಿ ಅದೇ ಜೋಕು ಹೇಳುತ್ತಾರೆ — ಎಕ್ಸ್‌ಪೈರಿ ಡೇಟ್ ಹಾಕಿಲ್ವಲ್ಲ ನಮಗೆ, ಅಂತ. ಅವರ ನಿವೃತ್ತಿಗೆ ಇನ್ನು ಎರಡು ವರ್ಷ. ನಾನು ಪ್ರತಿವರ್ಷ ನಗುತ್ತೇನೆ.

ಮುಗಿಸಿದವರು: ಶೇಕಡಾ ತೊಂಬತ್ತನಾಲ್ಕು. ಟೈಪ್ ಮಾಡಿದೆ. ಊಟಕ್ಕೆ ಎದ್ದೆ.

ಜೂನ್ 5, ಬುಧವಾರ

ತಂಗಿ ಸಂಜೆ ಅಡುಗೆಮನೆಯಲ್ಲಿ ನಿಂತೇ ಹೇಳಿದಳು, ಈ ವರ್ಷ ನಿಮ್ಮ ಶಾಲೆಗೆ ಅರ್ಜಿ ಹಾಕುತ್ತೇನೆ ಎಂದು. ಯೂನಿಫಾರ್ಮ್ ಕೂಡ ಬದಲಾಯಿಸಿರಲಿಲ್ಲ.

ಇಪ್ಪತ್ತೊಂದು ವರ್ಷದ ನರ್ಸ್ ಕೆಲಸ, ಈಗ ವಾರ್ಡಿನ ಇನ್‌ಚಾರ್ಜ್. ಆಸ್ಪತ್ರೆಯ ಚಾಪ್ಲೇನ್ ಆಗಬೇಕಂತೆ — ರೋಗಿಗಳ ಪಕ್ಕ ಕೂತು ಅವರ ಮಾತು ಕೇಳುವ, ಬೇಕೆಂದವರಿಗೆ ಪ್ರಾರ್ಥಿಸುವ ಕೆಲಸ. ಸೂಜಿ ಚುಚ್ಚಿ ಚುಚ್ಚಿ ಸಾಕಾಗಿದೆ ಎಂದಳು. ಅದಕ್ಕೆ ನಮ್ಮ ಮೂರು ವರ್ಷದ ಪದವಿ ಬೇಕು. ಆಸ್ಪತ್ರೆ ಅಷ್ಟು ರಜೆ ಕೊಡುವುದಿಲ್ಲ. ಆದ್ದರಿಂದ ರಾಜೀನಾಮೆ. 29ರೊಳಗೆ ಕೊಟ್ಟರೆ ತರಗತಿ ಶುರುವಾಗುವ ಹೊತ್ತಿಗೆ ಬಿಡುಗಡೆ ಸಿಗುತ್ತದೆ.

ವಯಸ್ಸು ನಲವತ್ತನಾಲ್ಕು ಎಂದು ನೆನಪಿಸಿದೆ. ನಾಲ್ಕು ವರ್ಷದ ಹಿಂದಿನ ಆಪರೇಷನ್ ನೆನಪಿಸಲಿಲ್ಲ. ಅವಳೇ ಎತ್ತಿದಳು. ಈಗಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಗೆಡ್ಡೆ ಮತ್ತೆ ಬರಬಹುದು, ಬರದೆಯೂ ಇರಬಹುದು.

"ಬಂದ್ರೆ ಒಂದು ವರ್ಷ ರಜೆ ತಗೋತೀನಿ. ಹದಿನೇಳನೇ ರೂಲ್ ಇದೆಯಲ್ಲ, ನೀನೇ ಟೈಪ್ ಮಾಡಿದ್ದು. ಅಲ್ದೆ ನೂರಕ್ಕೆ ತೊಂಬತ್ತನಾಲ್ಕು ಜನ ಮುಗಿಸ್ತಾರೆ ಅಕ್ಕಾ. ಆ ಆರು ಜನರಲ್ಲಿ ಒಬ್ಳಾಗೋಷ್ಟು ದಡ್ಡಿನಾ ನಾನು?"

ಇಲ್ಲ ಎಂದೆ. ದಡ್ಡಿ ಅಲ್ಲ ಎಂಬುದಕ್ಕೆ. ಉಳಿದದ್ದಕ್ಕೆ ತಟ್ಟೆ ಹಾಕಿ ಅನ್ನ ಬಡಿಸಿದೆ.

ಜೂನ್ 6, ಗುರುವಾರ

ಕುಕ್ಕರ್ ಕೂಗುವವರೆಗೆ ಬರೆಯುತ್ತೇನೆ.

ತೊಂಬತ್ತನಾಲ್ಕು ಹೇಗೆ ಬರುತ್ತದೆ? ಓದಿನ ಅವಧಿ ಮುಗಿದ ಕೊನೆಯ ಆರು ತಂಡಗಳಲ್ಲಿ ಸೇರಿದವರು 118. ಮುಗಿಸಿದವರು 72. ಐದು ಜನ ಹೇಳದೆ ಕೇಳದೆ ಹೋದವರು. ಉಳಿದ 41 ಜನ ಹಾಳೆಗೆ ಸಹಿ ಹಾಕಿ 'ಬಿಡುಗಡೆ'ಯಾದವರು. ಬಿಡುಗಡೆಯಾದವರು ಬಿಟ್ಟುಹೋದವರಲ್ಲ, ಆದ್ದರಿಂದ ಅವರನ್ನು ಮೊದಲು ಕಳೆಯಬೇಕು. 77ರಲ್ಲಿ 72. ತೊಂಬತ್ತಮೂರೂವರೆ. ಅರ್ಧವನ್ನು ಒಂದು ಮಾಡುವುದು ನಮ್ಮ ಔದಾರ್ಯ.

ಕಳೆಯದಿದ್ದರೆ ಅರವತ್ತೊಂದು.

ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದ ಪದಾರ್ಥ ಕಪಾಟಿನ ಹಿಂಬದಿಯಲ್ಲಿರುತ್ತದಲ್ಲ, ಹಾಗೆ ಇತ್ತು.

ಬಿಡುಗಡೆ ಹಾಳೆ ನನ್ನದೇ ಕೈಕೆಲಸ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗಿ ಎರಡನೇ ವರ್ಷದಲ್ಲಿ ಬಿಟ್ಟು ಹೊರಟಿದ್ದಳು. ಹಳೆಯ ಹಾಳೆಯಲ್ಲಿ ಕಾರಣಕ್ಕೆ ನಾಲ್ಕು ಚೌಕ — ಅನುತ್ತೀರ್ಣ, ಅಶಿಸ್ತು, ಅನಾರೋಗ್ಯ, ಇತರೆ. ಪೆನ್ನು ಹಿಡಿದು ಆ ಚೌಕಗಳ ಮುಂದೆ ಅಳುತ್ತಾ ಕೂತಳು. ನನಗೆ ಕೆಡುಕೆನಿಸಿತು. ಮರುದಿನ ಚೌಕಗಳನ್ನೆಲ್ಲ ಅಳಿಸಿ ಒಂದೇ ವಾಕ್ಯ ಹಾಕಿದೆ: 'ಬೇರೆ ಸೇವೆಗೆ ಕರೆಯಲ್ಪಟ್ಟಿದ್ದೇನೆ.' ಕೆಳಗೆ ಹೋಗುವವರ ಸಹಿ. ಅವರ ಸಹಿ ಇಲ್ಲದೆ ಬಿಡುಗಡೆ ಇಲ್ಲ — ಯಾರನ್ನೂ ಬಲವಂತವಾಗಿ ಕಳಿಸಬಾರದು ಎಂದು ಅದನ್ನೂ ನಾನೇ ಸೇರಿಸಿದ್ದು. ಆಗಿನ ಡೀನ್ ಮೆಚ್ಚಿಕೊಂಡರು. ಹಾಳೆ ಕೊಡುವ ಮುಂಚೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುವ ರೂಢಿ ಬಂತು. ಈಗ ಅಡುಗೆಯವರು ಕೆಲಸ ಬಿಟ್ಟರೂ ಅದೇ ಪ್ರಾರ್ಥನೆ, ಅದೇ ಹಾಳೆ.

ಕರೆಯಲ್ಪಟ್ಟವರನ್ನು ಲೆಕ್ಕದಿಂದ ಕಳೆಯಬಹುದು ಎಂದು ಮೊದಲು ಹೇಳಿದ್ದು ಯಾರು, ನೆನಪಿಲ್ಲ. ನಾನೇ ಇದ್ದರೂ ಇರಬಹುದು.

ಕೂಗಿತು.

ಜೂನ್ 11, ಮಂಗಳವಾರ

ಹನ್ನೊಂದಕ್ಕೆ 'ಆದರೆ' ಬಂದಿದ್ದ. ಹಾಸ್ಟೆಲಿನವರು ಇಟ್ಟ ಹೆಸರು. ತರಗತಿಯಲ್ಲಿ ಬಾಯಿ ತೆರೆದರೆ ಮೊದಲ ಪದ ಅದೇ. ಹೀಬ್ರೂ ಮೇಷ್ಟ್ರ ಮುದ್ದಿನ ಶಿಷ್ಯ. ಎರಡು ವರ್ಷದ ಹಿಂದೆ ಬಿಡುಗಡೆಯಾದವ. ಕೂದಲು ಅರ್ಧ ನರೆತಿದೆ, ಮೂವತ್ತೂ ದಾಟಿಲ್ಲ.

ಬೇರೊಂದು ಶಾಲೆಯಲ್ಲಿ ಓದು ಮುಂದುವರಿಸಲು ಹೋಗಿದ್ದನಂತೆ. ಸಂದರ್ಶನದಲ್ಲಿ ನಮ್ಮ ಹಾಳೆ ನೋಡಿ, ಯಾವ ಸೇವೆಗೆ ಕರೆಯಲ್ಪಟ್ಟಿರಿ, ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರಂತೆ. ಅವನಿಗೆ ಉತ್ತರ ಗೊತ್ತಿಲ್ಲ. ತಂದೆ ಪಾರ್ಶ್ವವಾಯು ಬಡಿದು ಮಲಗಿದ್ದರು. ರಜೆ ಕೇಳಲು ಹೋಗಿದ್ದ. ಈಗಿನ ಡೀನ್ ಎದ್ದು ಬಂದು ತಲೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ಪ್ರಾರ್ಥಿಸಿದರು. ಕಣ್ಣು ತೆರೆದರೆ ಮುಂದೆ ಹಾಳೆ. ರಜೆಯ ಅರ್ಜಿ ಅಂದುಕೊಂಡು ಸಹಿ ಹಾಕಿದ.

ಓದಲಿಲ್ವಾ ಎಂದು ಕೇಳಿದೆ. ಕೇಳಬಾರದಿತ್ತು.

"ಪ್ರಾರ್ಥನೆ ಮುಗಿದ ಮೇಲೆ ಕೊಟ್ಟ ಕಾಗದವನ್ನ ಯಾರು ಓದ್ತಾರೆ ಮೇಡಂ?"

ಕಾರಣ ತಿದ್ದಿಕೊಡಿ, ತಂದೆಯ ಆರೈಕೆ ಅಂತ ಬರೆಯಿರಿ, ಅಷ್ಟು ಸಾಕು ಎಂದ. ಹಾಳೆ ಹೊರತೆಗೆದೆ. ತಿದ್ದಲು ಜಾಗವೇ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ.

ಅವನು ಹೋದ ಮೇಲೆ ಹದಿನೇಳನೆಯ ನಿಯಮ ಓದಿದೆ. ಟೈಪ್ ಮಾಡುವುದು ಬೇರೆ, ಓದುವುದು ಬೇರೆ. 'ಅನಾರೋಗ್ಯ, ಹೆರಿಗೆ, ಕುಟುಂಬದವರ ಆರೈಕೆಗಾಗಿ ಒಂದು ವರ್ಷದವರೆಗಿನ ರಜೆ ವಿದ್ಯಾರ್ಥಿಯ ಹಕ್ಕು.' ಹಕ್ಕು ಎಂದೇ ಇದೆ. ರಜೆಯ ರಿಜಿಸ್ಟರ್ ತೆಗೆದೆ. ಹನ್ನೊಂದು ವರ್ಷ. ಮೊದಲ ಪುಟದಲ್ಲಿ ನನ್ನ ಕೈಬರಹದ ಶೀರ್ಷಿಕೆ, ಕೆಂಪು ಗೆರೆ. ಆಮೇಲೆ ಏನೂ ಇಲ್ಲ. ಒಬ್ಬರೂ ಇಲ್ಲ.

ರಜೆ ಪಡೆದವರು ಲೆಕ್ಕದಲ್ಲಿ ಉಳಿಯುತ್ತಾರೆ. ಬಿಡುಗಡೆಯಾದವರು ಉಳಿಯುವುದಿಲ್ಲ. ಇದಕ್ಕೆ ಯಾರ ದುಷ್ಟತನವೂ ಬೇಕಾಗಲಿಲ್ಲ. ಎರಡನೆಯ ಹಾಳೆ ಕೈಗೆ ಹತ್ತಿರವಿತ್ತು, ಅಷ್ಟೆ.

ಜೂನ್ 12, ಬುಧವಾರ

ತಂಗಿಗೆ ಗುಟ್ಟಾಗಿ ಹೇಳಿಬಿಡಬಹುದು. ಬೆಳಗ್ಗೆ ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. 'ಆ ನಂಬರ್ ನಂಬಬೇಡ' — ಮೂರು ಪದ. ಅವಳು ಬಚಾವ್. ನನ್ನ ಕೆಲಸ ಬಚಾವ್. ಪುಟದಲ್ಲಿ ತೊಂಬತ್ತನಾಲ್ಕು ಹಾಗೇ.

ಆದರೆ ಉಳಿದವರಿಗೆ ಈ ಕಚೇರಿಯಲ್ಲಿ ಅಕ್ಕ ಇಲ್ಲ.

(ನಾನೂ 'ಆದರೆ' ಅನ್ನತೊಡಗಿದೆ.)

ಜೂನ್ 14, ಶುಕ್ರವಾರ

ಊಟದ ಬಿಡುವಿನಲ್ಲಿ ಫೋನ್ ಮಾಡತೊಡಗಿದ್ದೇನೆ. 41 ಹೆಸರು. ಕಚೇರಿಯ ಫೋನಿನಿಂದಲೇ. ಕದ್ದು ಮಾಡುವ ಕೆಲಸವಲ್ಲ.

ಒಂದೇ ಪ್ರಶ್ನೆ — ನಿಜವಾಗಿ ಯಾಕೆ ಹೋದಿರಿ? ಮೊದಲು ಎಲ್ಲರೂ ಯಾರು ಮಾತಾಡುವುದು ಎಂದು ಎರಡು ಸಲ ಕೇಳುತ್ತಾರೆ. ಆಮೇಲೆ ನಿಲ್ಲಿಸುವುದೇ ಇಲ್ಲ. ಒಬ್ಬಾಕೆ, ಆಗ ಏಳು ತಿಂಗಳ ಬಸುರಿ. ಒಬ್ಬ ಒಂದು ಕಣ್ಣಿನ ದೃಷ್ಟಿ ಕಳೆದುಕೊಳ್ಳುತ್ತಿದ್ದ, ಯಾರಿಗೂ ಹೇಳಿರಲಿಲ್ಲ. ಒಬ್ಬನಿಗೆ ದೇವರ ಮೇಲೇ ಅನುಮಾನ ಬಂದಿತ್ತಂತೆ. ಅವನು ಮಾತ್ರ ಆರಾಮಾಗಿದ್ದಾನೆ, ಔಷಧದ ಅಂಗಡಿ ಇಟ್ಟುಕೊಂಡು.

ಒಬ್ಬಾಕೆ ನಕ್ಕಳು. "ಬೇರೆ ಸೇವೆನಾ? ಎಲ್ಲಿದೆ ಅಂತ ನೀವೇ ಹೇಳಿ ಮೇಡಂ, ಈಗಲೂ ಹೋಗ್ತೀನಿ."

ಜೂನ್ 20, ಗುರುವಾರ

33 ಜನ ಸಿಕ್ಕರು. ಎಂಟು ನಂಬರ್ ಬದಲಾಗಿವೆ. ಮೂವತ್ತಮೂರರಲ್ಲಿ ಇಬ್ಬರು ನಿಜಕ್ಕೂ ಬೇರೆ ಸೇವೆಗೆ ಹೋದವರು. ಇಬ್ಬರು. ಹತ್ತೊಂಬತ್ತು ಜನ ರಜೆ ಕೇಳಲು ಹೋಗಿ ಬಿಡುಗಡೆಯಾದವರು.

ಹೀಬ್ರೂ ಮೇಷ್ಟ್ರಿಗೆ ಪಟ್ಟಿ ತೋರಿಸಿದೆ. ಓದುವ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಕಚೇರಿಯಲ್ಲೇ ಪ್ರವಾದಿಗಳು ಹುಟ್ಟಿಕೊಂಡರೆ ನಮ್ಮ ಕ್ಲಾಸಿಗೆ ಯಾರಮ್ಮ ಬರ್ತಾರೆ ಎಂದರು. ಆಮೇಲೆ ದನಿ ತಗ್ಗಿಸಿ, ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ, ಎರಡು ವರ್ಷ ತಳ್ಳಬೇಕು ಎಂದರು. ಲೆಕ್ಕಕ್ಕೆ ಹಿಡಿಯದೆ ಬಿಡುವುದು ನಮ್ಮ ಶಾಲೆಗೆ ಹೊಸದಲ್ಲ ಎಂದೆ. ನಗಲಿಲ್ಲ. ಪಟ್ಟಿ ವಾಪಸು ಕೊಡುವಾಗ ಒಂದು ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಕೊಟ್ಟರು. 'ಆದರೆ'ಯ ಹೆಸರು.

ಮನೆಯಲ್ಲಿ, ಸಂದರ್ಶನದ ದಿನ ಕೈಯಲ್ಲೇ ಕೊಡಬೇಕಾದ ತಂಗಿಯ ಅರ್ಜಿ ಸಿದ್ಧವಾಗಿದೆ. ರಾಜೀನಾಮೆ ಪತ್ರವೂ. ಎರಡನ್ನೂ ಒಂದೇ ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ಕಾಣುತ್ತದೆ.

ಜೂನ್ 24, ಸೋಮವಾರ

ಡೀನರಿಗೆ ಕರಡು ಕೊಟ್ಟೆ. ಸೇರಿದವರು 118. ಮುಗಿಸಿದವರು 72. ಶೇಕಡಾ 61. ರಜೆ ಪಡೆದವರು: ಯಾರೂ ಇಲ್ಲ. ರಜೆ ಕೇಳಿ ಬಿಡುಗಡೆಯಾದವರು: ಫೋನಿಗೆ ಸಿಕ್ಕವರಲ್ಲಿ 19.

ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೂರಿಸಿ ನೀರು ಕೊಡಿಸಿದರು. ಈ ನಂಬರ್ ನೋಡಿದರೆ ಮುಂದಿನ ವರ್ಷ ತರಗತಿ ತುಂಬುವುದಿಲ್ಲ, ಮೊದಲು ಮುಚ್ಚುವುದು ಹೀಬ್ರೂ ವಿಭಾಗ ಎಂದರು. ಹೋದವರನ್ನು ಸೋತವರು ಎಂದು ಬೋರ್ಡಿಗೆ ಅಂಟಿಸುವುದು ಕ್ರೂರತನ ಅಲ್ಲವೇ ಎಂದರು. ಸೋತದ್ದು ಅವರು ಎಂದು ಎಲ್ಲೂ ಬರೆದಿಲ್ಲ ಎಂದೆ. ನೀವು ಫೋನ್ ಮಾಡಿದ್ದನ್ನು ನನಗೆ ಮೊದಲೇ ಹೇಳಬಹುದಿತ್ತು ಎಂದರು. ಹೌದು, ಹೇಳಬಹುದಿತ್ತು.

ಆಮೇಲೆ ತುಂಬ ಮೆತ್ತಗೆ, ಚರ್ಚಿನಲ್ಲಿ ಕರೆಯುವ ಹಾಗೆ: "ಸಿಸ್ಟರ್, ಆ ವಾಕ್ಯ ನೀವೇ ಬರೆದಿದ್ದಲ್ವಾ?"

"ನಾನೇ ಸರ್. ಅದಕ್ಕೇ ಅಳಿಸೋ ಕೆಲಸಾನೂ ನಂದೇ."

"ಅದನ್ನ ಸುಳ್ಳು ಅಂತ ಯಾಕೆ ಅಂತೀರಿ? ಕೃಪೆ ಅನ್ನಿ."

"ಕೃಪೆ ಮನುಷ್ಯರ ಮೇಲಿರಲಿ ಸರ್. ಅಂಕಿ ಮೇಲೆ ಬೇಡ."

ಇಷ್ಟು ಚೆನ್ನಾಗಿ ಮಾತಾಡಿದೆನೇ ಎಂದು ಮೆಟ್ಟಿಲಿಳಿಯುವಾಗ ನನಗೇ ಆಶ್ಚರ್ಯ. ಕೆಳಗೆ ಬಂದು ಕೊನೆಯ ಮೆಟ್ಟಿಲ ಮೇಲೆ ಕೂತೆ. ಅಪ್ಪ ಚರ್ಚಿನ ಸಭಾಪಾಲಕರಾಗಿದ್ದರು. ಪ್ರಸಂಗ ಮುಗಿಸಿ ಕೆಳಗಿಳಿದು, ಹಿಂದಿನ ಕೋಣೆಯಲ್ಲಿ ಒಬ್ಬರೇ ಐದು ನಿಮಿಷ ಕೂರುತ್ತಿದ್ದರು. ಯಾಕೆಂದು ಚಿಕ್ಕವಳಿದ್ದಾಗ ತಿಳಿದಿರಲಿಲ್ಲ.

ಜೂನ್ 27, ಗುರುವಾರ

ಡೀನ್ ಕರಡು ವಾಪಸು ಕಳಿಸಿದ್ದಾರೆ. 61 ಹೊಡೆದು 94. ಪೆನ್ಸಿಲಿನಲ್ಲಿ. ರಜೆಯ ಎರಡು ಸಾಲಿಗೂ ಅಡ್ಡಗೀಟು. 'ಸಹಿ ಮಾಡಿ ಕಳಿಸಿ.' ಕೆಳಗೆ ನನ್ನ ಆರೋಗ್ಯಕ್ಕಾಗಿ ಪ್ರಾರ್ಥಿಸುತ್ತಿರುವುದಾಗಿ ಒಂದು ಸಾಲು. ಆರೋಗ್ಯ ಚೆನ್ನಾಗಿದೆ.

ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಒರೆಸಿದೆ. ಹಾಳೆ ಹರಿಯದ ಹಾಗೆ, ನಿಧಾನವಾಗಿ.

ಜೂನ್ 28, ಶುಕ್ರವಾರ

ಎಂಟೂವರೆ. ಕಿಟಕಿ, ಫ್ಯಾನು, ಕಂಪ್ಯೂಟರು. ಪ್ರಿಂಟ್. ಸಹಿ. ಮೊಹರು.

ಒಂಬತ್ತಕ್ಕೆ ಬೋರ್ಡಿನ ಗಾಜು ಸರಿಸಿ ನಾಲ್ಕು ಪಿನ್ ಚುಚ್ಚಿ ಬೀಗ ಹಾಕಿದೆ. ವೆಬ್‌ಸೈಟಿಗೂ ಹಾಕಿದೆ. ಅಲ್ಲಿಂದ ಅರ್ಧ ಗಂಟೆಯಲ್ಲಿ ಮಾಯವಾಯಿತು. ಬೋರ್ಡಿನ ಎರಡನೇ ಕೀಲಿ ಡೀನರ ಡ್ರಾಯರಿನಲ್ಲಿರುತ್ತದೆ. ಹತ್ತಕ್ಕೆ ಅಟೆಂಡರ್ ಅದನ್ನು ಹಿಡಿದು ಬಂದ.

ಬೋರ್ಡಿನ ಮುಂದೆ ಹೀಬ್ರೂ ಮೇಷ್ಟ್ರು ನಿಂತಿದ್ದರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಅಟೆಂಡರ್ ಸ್ವಲ್ಪ ಜಾಗ ಬಿಡಿ ಎಂದು ಕೇಳಿಕೊಂಡ.

"ಓದ್ತಾ ಇದೀನಪ್ಪ. ಬಲದಿಂದ ಎಡಕ್ಕೆ ಓದಿ ಅಭ್ಯಾಸ ನನಗೆ, ಇನ್ನೂ ಅರ್ಧಾನೂ ಆಗಿಲ್ಲ."

ಮುಕ್ಕಾಲು ಗಂಟೆ ಓದಿದರು. ಅಷ್ಟರಲ್ಲಿ ಪ್ರವೇಶದ ಸಂದರ್ಶನಕ್ಕೆ ಬಂದವರು ಒಬ್ಬೊಬ್ಬರಾಗಿ ಸೇರಿದರು. ಫೋನ್ ತೆಗೆದು ಫೋಟೋ ಹೊಡೆದುಕೊಂಡರು. ಮೇಷ್ಟ್ರು ಅವರಿಗೆ ಮಾತ್ರ ಜಾಗ ಬಿಟ್ಟರು. ಅಟೆಂಡರ್ ಕಂಬಕ್ಕೆ ಒರಗಿ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಾ ನಿಂತಿದ್ದ. ಅವನಿಗೂ ಅವಸರವಿದ್ದಂತೆ ಕಾಣಲಿಲ್ಲ.

ಸಂದರ್ಶನಕ್ಕೆ ಬಂದವರಲ್ಲಿ ತಂಗಿಯೂ ಇದ್ದಳು. ನಾನು ಕಿಟಕಿಯಿಂದ ನೋಡಿದೆ. ಓದಿದಳು. ಕೆಳಗಿನ ಸಹಿ ನೋಡಿದಳು. ಕಿಟಕಿಯ ಕಡೆ ತಿರುಗಲಿಲ್ಲ.

ಅದೇ ದಿನ, ಸಂಜೆ

ಹಾಳೆ ತೆಗೆದಿದ್ದಾರೆ. ನಾಲ್ಕು ಪಿನ್ನು ಉಳಿದಿವೆ.

ತಂಗಿ ಮನೆಗೆ ಬಂದು ಚಪ್ಪಲಿ ಬಿಟ್ಟು ನೇರ ನನ್ನ ಮುಂದೆ ಕೂತಳು. ಸಿಟ್ಟು ಬಂದಾಗ ಅವಳ ದನಿ ಇಳಿಯುತ್ತದೆ. ವಾರ್ಡಿನ ಅಭ್ಯಾಸ.

"ನಾನು ಈ ತಿಂಗಳೆಲ್ಲಾ ಆ ತೊಂಬತ್ತನಾಲ್ಕನ್ನ ನಂಬ್ಕೊಂಡು ಓಡಾಡ್ತಿದ್ದೆ. ನೀನು ನೋಡ್ಕೊಂಡು ಅನ್ನ ಬಡಿಸ್ತಿದ್ದೆ."

ಹೌದು ಎಂದೆ. ಎಲ್ಲರಿಗೂ ಒಟ್ಟಿಗೆ ಹೇಳಬೇಕಿತ್ತು ಎಂದೆ. ಹೇಳಿದಾಗ ಅದು ತೀರಾ ತಣ್ಣಗೆ ಕೇಳಿಸಿತು. ಬಸ್ಸಿನಲ್ಲಿ ಹೊಳೆದಾಗ ಹಾಗಿರಲಿಲ್ಲ. ನಲವತ್ತೊಂದು ಹಾಳೆಗಳ ವಿಷಯ ಪೂರ್ತಿ ಹೇಳಿದೆ. ನಮ್ಮ ವಾರ್ಡಿನಲ್ಲಿ ಒಬ್ಬರು ಹೋದರೆ ಕಾರಣ ಬರೆಯದೆ ಹಾಸಿಗೆ ಖಾಲಿ ಮಾಡುವಂತಿಲ್ಲ, ನೀವು ದೇವರ ಹೆಸರಲ್ಲಿ ನಲವತ್ತೊಂದು ಹಾಸಿಗೆ ಖಾಲಿ ಮಾಡಿದ್ದೀರಿ ಎಂದಳು. 'ನೀವು' ಎಂದಳು. ನಾನೂ ಅದರಲ್ಲಿ ಸೇರಿದೆ. ನ್ಯಾಯವೇ.

ಜೂನ್ 29, ಶನಿವಾರ

ತಂಗಿ ಬೆಳಗ್ಗೆ ಡೀನರ ಹತ್ತಿರ ಹೋಗಿದ್ದಳು. ನನಗೆ ಹೇಳದೆ. ಹದಿನೇಳನೆಯ ನಿಯಮವನ್ನು ಕೈಯಲ್ಲಿ ನಕಲು ಮಾಡಿಕೊಂಡು ಹೋಗಿ, ನನಗೆ ಗೆಡ್ಡೆ ಮತ್ತೆ ಬಂದರೆ ಈ ರಜೆ ಕೊಡುವುದಾಗಿ ನೀವು ಸಹಿ ಹಾಕಿಕೊಡಿ, ಹಾಕಿದರೆ ಇವತ್ತೇ ರಾಜೀನಾಮೆ ಕೊಡುತ್ತೇನೆ ಎಂದಳಂತೆ. ಅವರು ಪ್ರಾರ್ಥಿಸೋಣ ಎಂದು ಎದ್ದರಂತೆ. ಇವಳು ತಲೆ ಹಿಂದೆ ಸರಿಸಿ, ಮೊದಲು ಸಹಿ ಸರ್, ಆಮೇಲೆ ಎಷ್ಟು ಹೊತ್ತಾದರೂ ಪ್ರಾರ್ಥಿಸೋಣ ಎಂದಳಂತೆ.

ಸಹಿ ಆಗಲಿಲ್ಲ. ಸಮಿತಿಯಲ್ಲಿ ಚರ್ಚಿಸಬೇಕಂತೆ.

ಮಧ್ಯಾಹ್ನದ ಡ್ಯೂಟಿಗೆ ಹೋದಳು. ಕೊಡದ ಅರ್ಜಿ ಫೋಲ್ಡರಿನಲ್ಲೇ ಇದೆ. ರಾಜೀನಾಮೆ ಪತ್ರದ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆದಿಟ್ಟು ಹೋಗಿದ್ದಾಳೆ. ಸೋಪು ಎರಡು, ಉಪ್ಪು, ಬೆಂಕಿಪೊಟ್ಟಣ. ನಾನು ತರಬೇಕಂತೆ. ಅಂದರೆ ಮಾತು ಬಿಟ್ಟಿಲ್ಲ.

ಜುಲೈ 1, ಸೋಮವಾರ

ಬೋರ್ಡ್ ಖಾಲಿ. ಇವತ್ತೇ ಕೊನೆಯ ದಿನ. ನನ್ನ ಸಹಿ ಇಲ್ಲದೆ ಬೇರೆ ಹಾಳೆ ಹಾಕುವಂತಿಲ್ಲ. ನಾನು ಬಿಡುಗಡೆಯಾದರೆ ಹೊಸ ದಾಖಲಾತಿ ಅಧಿಕಾರಿ ಬರಬಹುದು, ಅವರು ಸಹಿ ಹಾಕಬಹುದು. ಡೀನರಿಗೂ ಇದು ಹೊಳೆದಿದೆ.

ಮೂರು ಗಂಟೆಗೆ ಕರೆಸಿದರು. ಎದ್ದು ಬಂದರು. ತಲೆಯ ಮೇಲೆ ಕೈ ಬಿತ್ತು. ಬೆಚ್ಚಗಿನ ಕೈ. ನಲವತ್ತೊಂದು ಜನಕ್ಕೆ ಇದು ಹೇಗಿತ್ತೆಂದು ಈಗ ಗೊತ್ತಾಯಿತು — ಚೆನ್ನಾಗಿರುತ್ತದೆ. ಯಾರೋ ಹೊಣೆ ಹೊತ್ತುಕೊಂಡ ಹಾಗೆ. ನಾನು ಕಣ್ಣು ಮುಚ್ಚಲಿಲ್ಲ. ಅವರ ಎಡಗೈ ಆಗಲೇ ಹಾಳೆಯನ್ನು ನನ್ನ ಕಡೆಗೆ ತಿರುಗಿಸುತ್ತಿತ್ತು.

ಮನೆಗೆ ಒಯ್ದು ಓದಿ ತರುತ್ತೇನೆ ಎಂದೆ. ಓದುವುದಕ್ಕೆ ಅದರಲ್ಲಿ ಏನಿದೆ ಸಿಸ್ಟರ್ ಎಂದರು. ಅದೇ ಸರ್ ಎಂದೆ.

ಬಾಗಿಲಲ್ಲಿ ಹೀಬ್ರೂ ಮೇಷ್ಟ್ರು ಸಿಕ್ಕರು. ನನ್ನ ಕೈಯಲ್ಲಿದ್ದ ಹಾಳೆ ನೋಡಿ, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಇದು ದಪ್ಪಗೆ ಬರೆಯುತ್ತದೆ ಎಂದಷ್ಟೇ ಹೇಳಿದರು.

ಈಗ ಆರು ಗಂಟೆ. ಹಾಳೆ ಮೇಜಿನ ಮೇಲಿದೆ. ತಂಗಿ ಎದುರು ಕೂತು ಯೂನಿಫಾರ್ಮಿನ ಗುಂಡಿ ಹೊಲಿಯುತ್ತಿದ್ದಾಳೆ. ನಾಳೆ ಬೆಳಗಿನ ಡ್ಯೂಟಿ. ಬರಿ ಅಕ್ಕಾ ಎನ್ನುತ್ತಾಳೆ, ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ.

ನಾನೇ ಮಾಡಿದ ವಾಕ್ಯದ ಮೇಲೆ ಅಡ್ಡಗೀಟು ಎಳೆದೆ. ದಪ್ಪಗೇ ಬಂತು. ಸಹಿಯ ಜಾಗ ಖಾಲಿ, ಅದು ಹಾಗೇ ಇರುತ್ತದೆ. ಕಾರಣಕ್ಕೆ ಮುಂಭಾಗದಲ್ಲಿ ಜಾಗ ಸಾಲದು, ಹಿಂಬದಿಗೆ ಬರೆಯಬೇಕು. ಮೊದಲು ಇಲ್ಲಿ ಕರಡು ಮಾಡಿಕೊಳ್ಳುತ್ತೇನೆ —

ಡೀನರಿಗೆ. ನನ್ನನ್ನು ಬೇರೆಲ್ಲಿಗೂ ಯಾರೂ ಕರೆದಿಲ್ಲ. ನಾನು ಹೋಗುತ್ತಿಲ್ಲ. ರಜೆಯ ರಿಜಿಸ್ಟರಿನಲ್ಲಿ ಮೊದಲ ಹೆಸರು ಬರೆಯುವುದು ಬಾಕಿಯಿದೆ. ನಾಳೆ ಬೆಳಗ್ಗೆ ಎಂಟೂವರೆಗೆ, ಎಂದಿನಂತೆ, ಬೀಗ ತೆಗೆಯುತ್ತೇನೆ.